ಲೆಕ್ಕದ ನಾದ, ಕೂಡಿಟ್ಟ ನಾದ

ವಾದ್ಯಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ಮರ, ತಂತಿ, ತೊಗಲುಗಳ ಚರಿತ್ರೆ. ವೀಣೆಯನ್ನು ಕುರಿತು ಬರೆಯುವವನು ಹಲಸಿನ ಮರವನ್ನು ಮರೆಯುವಂತಿಲ್ಲ. ಮೃದಂಗವನ್ನು ಕುರಿತು ಬರೆಯುವವನು ಬಲಗಡೆಯ ತೊಗಲಿಗೆ ಹಚ್ಚುವ ಕರಣೆಯನ್ನು ಬಿಡುವಂತಿಲ್ಲ. ಆದರೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ಮರದ ಒಡಲೂ ಇಲ್ಲದ, ತಂತಿಯ ಬಿಗಿತವೂ ಇಲ್ಲದ, ಬರಿಯ ಅಂಕಿಗಳಿಂದಲೇ ನಾದವನ್ನೆಬ್ಬಿಸುವ ವಾದ್ಯಗಳು ಕಾಣಿಸಿಕೊಂಡವು. ಇವುಗಳನ್ನು ಸಿಂಥಸೈಜರ್ ಎಂದು ಕರೆದರು. ನಮ್ಮಲ್ಲಿ ಸಿನಿಮಾ ಹಾಡಿನಿಂದ ಹಿಡಿದು ಮದುವೆ ಮನೆಯ ವಾದ್ಯಗೋಷ್ಠಿಯವರೆಗೆ 'ಕೀಬೋರ್ಡ್' ಎಂಬ ಹೆಸರಿನಿಂದ ಇವು ಮನೆಮಾತಾಗಿವೆ. ಮನೆಮಾತಾದುದರಿಂದಲೇ ಇವುಗಳ ಹಿಂದೆ ಒಂದು ಚರಿತ್ರೆಯಿದೆ ಎಂಬುದು ನಮ್ಮ ಗಮನಕ್ಕೆ ಬರುವುದಿಲ್ಲ.

ಇಂಥ ವಾದ್ಯದಲ್ಲಿ ನಾದವನ್ನು ಪಡೆಯುವುದಕ್ಕೆ ಮುಖ್ಯವಾಗಿ ಎರಡು ದಾರಿಗಳುಂಟು. ಒಂದು, ಬೆರಳು ಕೀಲಿಯನ್ನು ಒತ್ತಿದ ಕ್ಷಣದಲ್ಲಿಯೇ ಲೆಕ್ಕ ಮಾಡಿ ನಾದವನ್ನು ಹೊಸದಾಗಿ ಹುಟ್ಟಿಸುವುದು. ಇನ್ನೊಂದು, ನಿಜವಾದ ಪಿಯಾನೋ, ಪಿಟೀಲು, ತುತ್ತೂರಿಗಳ ನಾದವನ್ನು ಮೊದಲೇ ಧ್ವನಿಮುದ್ರಿಸಿ ಯಂತ್ರದ ಸ್ಮೃತಿಯಲ್ಲಿ ಕೂಡಿಟ್ಟು, ಬೇಕಾದಾಗ ತೆಗೆದು ಕೇಳಿಸುವುದು. ಮೊದಲನೆಯದು ಒಲೆಯ ಮೇಲೆ ಆಗತಾನೇ ಬೇಯಿಸಿದ ಅಡುಗೆ; ಎರಡನೆಯದು ಭರಣಿಯಲ್ಲಿ ಹಾಕಿಟ್ಟ ಉಪ್ಪಿನಕಾಯಿ. ಎರಡಕ್ಕೂ ಅದರದರ ರುಚಿಯುಂಟು, ಅದರದರ ಉಪಯೋಗವುಂಟು. ಆದರೆ ಅಡುಗೆಯವನಿಗೆ ಕೆಲಸವಿರುವುದು ಮೊದಲನೆಯದರಲ್ಲಿ ಮಾತ್ರ ಎಂಬುದನ್ನು ನಾವು ನೆನಪಿನಲ್ಲಿಡಬೇಕು.

ಈ ಎರಡು ದಾರಿಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ ವಾದ್ಯವೊಂದು ೧೯೮೯ರಲ್ಲಿ ಜಪಾನಿನ ಹಮಾಮಾತ್ಸು ನಗರದಿಂದ ಹೊರಬಂದಿತು. ಯಮಹಾ ಸಂಸ್ಥೆಯ ಈ ವಾದ್ಯದ ಹೆಸರು 'ಎಸ್‌ವೈ ೭೭'. ಇದು ಹುಟ್ಟಿದ ಬಗೆಯೂ, ಹತ್ತೇ ವರ್ಷಗಳೊಳಗೆ ಇದರ ಮಾರ್ಗ ಹಿಂದೆ ಬಿದ್ದ ಬಗೆಯೂ ಕುತೂಹಲಕರ. ಹುಟ್ಟಿಸುವುದಕ್ಕೂ ಕೂಡಿಡುವುದಕ್ಕೂ ನಡುವೆ ಮನುಷ್ಯನು ಯಾವುದನ್ನು ಆರಿಸಿಕೊಳ್ಳುತ್ತಾನೆ, ಏಕೆ ಆರಿಸಿಕೊಳ್ಳುತ್ತಾನೆ ಎಂಬ ಪ್ರಶ್ನೆಗೆ ಅದರಲ್ಲಿ ಒಂದು ಉತ್ತರವಿದೆ.

ದುರಸ್ತಿಯಿಂದ ಹುಟ್ಟಿದ ಸಂಸ್ಥೆ

ಯಮಹಾ ಎಂದೊಡನೆ ನಮ್ಮವರಿಗೆ ಮೋಟಾರು ಸೈಕಲ್ಲು ನೆನಪಾಗುವುದು ಸಹಜ. ಆದರೆ ಮೋಟಾರು ಸೈಕಲ್ಲಿನ ಕಂಪೆನಿ ಬೇರೆಯಾಗಿ ಹುಟ್ಟಿದ್ದು ೧೯೫೫ರಲ್ಲಿ. ಮೂಲ ಸಂಸ್ಥೆಯ ಕಸುಬು ವಾದ್ಯ ತಯಾರಿಕೆಯೇ. ೧೮೮೭ರಲ್ಲಿ ಹಮಾಮಾತ್ಸುವಿನ ಶಾಲೆಯೊಂದರಲ್ಲಿ ಅಮೆರಿಕದಿಂದ ತರಿಸಿದ್ದ ಆರ್ಗನ್ ಕೆಟ್ಟು ನಿಂತಿತು. ನಮ್ಮ ಹಾರ್ಮೋನಿಯಂ ಇದ್ದಂತೆ ಗಾಳಿ ಮತ್ತು ಲೋಹದ ನಾಲಗೆಗಳಿಂದ ನುಡಿಯುವ ವಾದ್ಯ ಅದು. ವೈದ್ಯಕೀಯ ಉಪಕರಣಗಳನ್ನು ದುರಸ್ತಿ ಮಾಡುತ್ತಿದ್ದ ತೊರಾಕುಸು ಯಮಹಾ ಎಂಬಾತನನ್ನು ಕರೆಸಿದರು. ಆತ ಅದನ್ನು ಬಿಚ್ಚಿದ, ಸರಿಪಡಿಸಿದ. ಅಷ್ಟಕ್ಕೇ ಬಿಡದೆ ಒಳಗಿನ ರಚನೆಯನ್ನು ನೋಡಿಕೊಂಡು ತಾನೇ ಒಂದನ್ನು ಮಾಡಿದ. ಮಾಡಿದ್ದನ್ನು ಪರೀಕ್ಷೆಗೆ ಒಪ್ಪಿಸುವುದಕ್ಕಾಗಿ ಆತನೂ ಜೊತೆಗಾರನೊಬ್ಬನೂ ಅಡ್ಡೆಗೆ ಕಟ್ಟಿ, ಹೆಗಲ ಮೇಲೆ ಹೊತ್ತು, ಹಕೋನೆಯ ಬೆಟ್ಟಗಳನ್ನು ದಾಟಿ, ಇನ್ನೂರೈವತ್ತು ಕಿಲೋಮೀಟರಿನಷ್ಟು ದೂರದ ಟೋಕಿಯೋಗೆ ನಡೆದರು.

ಅಲ್ಲಿನ ಸಂಗೀತ ಶಾಲೆಯವರು ವಾದ್ಯವನ್ನು ನೋಡಿ ಹೇಳಿದ್ದು ಒಂದೇ ಮಾತು: ಆಕಾರ ಚೆನ್ನಾಗಿದೆ, ಶ್ರುತಿ ಸರಿಯಿಲ್ಲ. ತೊರಾಕುಸು ಬೇಸರಪಟ್ಟು ಹಿಂದಿರುಗಲಿಲ್ಲ. ಅಲ್ಲಿಯೇ ಉಳಿದು ಶ್ರುತಿಶಾಸ್ತ್ರವನ್ನು ಕಲಿತು, ಊರಿಗೆ ಬಂದು ಎರಡನೆಯದನ್ನು ಮಾಡಿದ. ೧೮೯೭ರಲ್ಲಿ ಅದು ದೊಡ್ಡ ಸಂಸ್ಥೆಯಾಗಿ ನಿಂತಿತು. ಇಂದಿಗೂ ಆ ಸಂಸ್ಥೆಯ ಲಾಂಛನ, ಒಂದರ ಮೇಲೊಂದು ಹಾಯ್ದಿರುವ ಮೂರು ಶ್ರುತಿಕವೆಗಳು. ಪರರ ವಾದ್ಯವನ್ನು ಬಿಚ್ಚಿ ನೋಡಿ ಕಲಿಯುವುದು, ಕಲಿತದ್ದನ್ನು ಶಾಸ್ತ್ರದ ಬಲದಿಂದ ತಿದ್ದಿಕೊಳ್ಳುವುದು, ಇವೆರಡೂ ಆ ಮನೆತನದ ಹಳೆಯ ಗುಣಗಳು. ಸುಮಾರು ಒಂದು ಶತಮಾನದ ಮೇಲೆ ಎಸ್‌ವೈ ೭೭ ಹುಟ್ಟಿದ್ದೂ ಈ ಎರಡು ಗುಣಗಳಿಂದಲೇ. ಆದರೆ ಅದಕ್ಕೆ ಬೇಕಾದ ಶಾಸ್ತ್ರ ಬಂದದ್ದು ಟೋಕಿಯೋದಿಂದಲ್ಲ, ಅಮೆರಿಕದ ಪಶ್ಚಿಮ ತೀರದ ಒಂದು ವಿಶ್ವವಿದ್ಯಾನಿಲಯದಿಂದ. ಅದನ್ನು ತಿಳಿಯಬೇಕಾದರೆ ನಾದವೆಂದರೇನು ಎಂಬುದನ್ನು ಸ್ವಲ್ಪ ವಿಚಾರಿಸಬೇಕಾಗುತ್ತದೆ.

ಒಂದೇ ಷಡ್ಜ, ಬೇರೆ ಬೇರೆ ಬಣ್ಣ

ವೀಣೆಯ ಷಡ್ಜವನ್ನೂ ಕೊಳಲಿನ ಷಡ್ಜವನ್ನೂ ಒಂದೇ ಶ್ರುತಿಗೆ ಸೇರಿಸಿ ಕೇಳಿಸಿದರೂ ಕಣ್ಣು ಮುಚ್ಚಿಕೊಂಡು ಇದು ವೀಣೆ, ಇದು ಕೊಳಲು ಎಂದು ಹೇಳಬಲ್ಲೆವು. ಹೇಗೆ? ಯಾವ ವಾದ್ಯವೂ ಒಂದೇ ಸ್ವರವನ್ನು ನುಡಿಯುವುದಿಲ್ಲ. ಮೂಲಸ್ವರದ ಜೊತೆಯಲ್ಲಿ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದಲ್ಲಿ ಕಂಪಿಸುವ ಉಪಸ್ವರಗಳು ಹೊರಡುತ್ತವೆ. ನಮ್ಮ ಸಂಗೀತಗಾರರು ಸ್ವಯಂಭೂ ಸ್ವರಗಳೆಂದು ಕರೆಯುವುದು ಇವನ್ನೇ. ಯಾವ ಉಪಸ್ವರ ಎಷ್ಟು ಬಲವಾಗಿದೆ, ಯಾವುದು ಬೇಗ ಅಡಗುತ್ತದೆ, ಯಾವುದು ನಿಧಾನವಾಗಿ ಮೇಲೇಳುತ್ತದೆ ಎಂಬುದರ ಮೇಲೆ ವಾದ್ಯದ ನಾದಗುಣ ನಿಂತಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಫೂರಿಯೇ ಇದರ ಗಣಿತವನ್ನೂ, ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಇದರ ಶ್ರವಣಶಾಸ್ತ್ರವನ್ನೂ ಬೆಳೆಸಿದರು.

ನಮ್ಮ ವಾದ್ಯಗಳ ಮಟ್ಟಿಗೆ ಈ ವಿಚಾರವನ್ನು ಕೈಗೆತ್ತಿಕೊಂಡವರು, ಮುಂದೆ ಬೆಂಗಳೂರಿನವರೇ ಆಗಿಹೋದ ಸರ್ ಸಿ. ವಿ. ರಾಮನ್. ಕಲ್ಕತ್ತೆಯಲ್ಲಿದ್ದಾಗ, ೧೯೨೦ರ ಸುಮಾರಿನಲ್ಲಿ, ಮೃದಂಗದ ಕರಣೆ ತೊಗಲಿನ ಕಂಪನಗಳನ್ನು ತಂತಿಯ ಉಪಸ್ವರಗಳಂತೆ ಕ್ರಮಕ್ಕೆ ತರುತ್ತದೆಂಬುದನ್ನು ಅವರು ತೋರಿಸಿಕೊಟ್ಟರು. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿ ಸಿಕ್ಕಿಸುವ ನೂಲಿನ ಎಳೆಯಿಂದ ಉಪಸ್ವರಗಳು ಹೇಗೆ ಸಮೃದ್ಧವಾಗುತ್ತವೆಂಬುದನ್ನೂ ಪರೀಕ್ಷಿಸಿದರು. ಆ ಎಳೆಗೆ ನಮ್ಮವರು 'ಜೀವಾಳ' ಎಂದು ಹೆಸರಿಟ್ಟಿರುವುದು ಅರ್ಥವತ್ತಾಗಿದೆ. ನಾದಕ್ಕೆ ಜೀವ ಬರುವುದು ಉಪಸ್ವರಗಳಿಂದ.

ಹಾಗಾದರೆ ಉಪಸ್ವರಗಳನ್ನು ಒಂದೊಂದಾಗಿ ಲೆಕ್ಕ ಮಾಡಿ ಕೂಡಿಸಿದರೆ ಯಾವ ನಾದವನ್ನಾದರೂ ಹುಟ್ಟಿಸಬಹುದಲ್ಲವೇ? ತತ್ತ್ವತಃ ಹೌದು. ೧೯೫೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಎಂಬ ಎಂಜಿನಿಯರು ಗಣಕಯಂತ್ರದಿಂದ ಸಂಗೀತ ನುಡಿಸುವ ಕ್ರಮವಿಧಿಯನ್ನು ಬರೆದುದು ಈ ನಂಬಿಕೆಯಿಂದಲೇ. ಆದರೆ ಒಂದು ಸ್ವರಕ್ಕೆ ಹತ್ತಾರು ಉಪಸ್ವರಗಳು, ಪ್ರತಿಯೊಂದಕ್ಕೂ ಅದರದೇ ಏರಿಳಿತ. ಅಂದಿನ ಗಣಕಗಳಿಗೆ ಈ ಲೆಕ್ಕ ಎತ್ತಲಾರದ ಹೊರೆಯಾಗಿತ್ತು. ಕೆಲವು ಸೆಕೆಂಡುಗಳ ಸಂಗೀತಕ್ಕೆ ಯಂತ್ರ ಬಹಳ ಹೊತ್ತು ಎಣಿಸುತ್ತ ಕುಳಿತಿರಬೇಕಾಗಿತ್ತು. ಕಡಮೆ ಲೆಕ್ಕದಲ್ಲಿ ಹೆಚ್ಚು ಉಪಸ್ವರಗಳನ್ನು ಹುಟ್ಟಿಸುವ ಒಂದು ಉಪಾಯ ಬೇಕಾಗಿತ್ತು.

ಗಮಕ ಎಲ್ಲೆ ಮೀರಿದಾಗ

ಆ ಉಪಾಯ ಸಿಕ್ಕಿದ್ದು ಎಂಜಿನಿಯರಿಗಲ್ಲ, ಸಂಗೀತಗಾರನಿಗೆ. ಜಾನ್ ಚೌನಿಂಗ್ ೧೯೩೪ರಲ್ಲಿ ಹುಟ್ಟಿದವರು. ತಾಳವಾದ್ಯ ನುಡಿಸಿ ಬೆಳೆದು, ಪ್ಯಾರಿಸ್ಸಿನಲ್ಲಿ ನಾದಿಯಾ ಬೂಲಾಂಜೆ ಅವರಲ್ಲಿ ಸಂಗೀತ ರಚನೆಯನ್ನು ಕಲಿತು, ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಬಂದಿದ್ದರು. ಮ್ಯಾಥ್ಯೂಸರ ಲೇಖನವೊಂದನ್ನು ಓದಿ ಗಣಕದ ಗೀಳು ಹಿಡಿಸಿಕೊಂಡ ಅವರು, ಅಲ್ಲಿನ ಕೃತಕ ಬುದ್ಧಿಯ ಪ್ರಯೋಗಶಾಲೆಯ ಯಂತ್ರದ ಮುಂದೆ ರಾತ್ರಿಗಳನ್ನು ಕಳೆಯುತ್ತಿದ್ದರು.

೧೯೬೭ರಲ್ಲಿ ಅವರು ನೋಡುತ್ತಿದ್ದುದು ಬಹು ಸರಳವಾದ ಸಂಗತಿ. ಸ್ವರವೊಂದನ್ನು ಮೇಲಕ್ಕೂ ಕೆಳಕ್ಕೂ ಮೆಲ್ಲನೆ ಅಲುಗಾಡಿಸುವುದು. ಪಾಶ್ಚಾತ್ಯರು ವೈಬ್ರಾಟೋ ಎನ್ನುವ ಇದು ನಮ್ಮ ಕಂಪಿತ ಗಮಕದ ದೂರದ ನೆಂಟ. ಗಾಯಕರ ಕಂಠದಲ್ಲಿ ಈ ಅಲುಗಾಟ ಸೆಕೆಂಡಿಗೆ ಐದಾರು ಸಲ. ಗಣಕಕ್ಕೆ ಕಂಠದ ಮಿತಿಯಿಲ್ಲವಷ್ಟೆ? ಚೌನಿಂಗ್ ಅಲುಗಾಟದ ವೇಗವನ್ನೂ ಆಳವನ್ನೂ ಏರಿಸುತ್ತ ಹೋದರು. ಸೆಕೆಂಡಿಗೆ ಹತ್ತು, ಇಪ್ಪತ್ತು, ಐವತ್ತು, ನೂರು. ಒಂದು ಹಂತವನ್ನು ದಾಟಿದ ಮೇಲೆ ಕಿವಿಗೆ ಅಲುಗಾಟವೇ ಕೇಳಿಸದಾಯಿತು. ಅದರ ಬದಲು ಸ್ವರ ನಿಶ್ಚಲವಾಗಿ ನಿಂತು, ಅದರ ಬಣ್ಣವೇ ಬದಲಾಗಿತ್ತು. ಎಲ್ಲೆ ಮೀರಿದ ಗಮಕ ಹೊಸ ನಾದಗುಣವಾಗಿ ಪರಿಣಮಿಸಿತ್ತು.

ಇದರ ಲೆಕ್ಕ ಕಷ್ಟವೇನಲ್ಲ. ಸೆಕೆಂಡಿಗೆ ೪೦೦ ಸಲ ಕಂಪಿಸುವ ಸ್ವರವನ್ನು ಸೆಕೆಂಡಿಗೆ ೧೦೦ ಸಲ ಅಲುಗಿಸಿದರೆ, ೪೦೦ರ ಎರಡು ಮಗ್ಗುಲಲ್ಲಿಯೂ ನೂರು ನೂರರ ಅಂತರದಲ್ಲಿ ೫೦೦, ೩೦೦, ೬೦೦, ೨೦೦ ಎಂದು ಹೊಸ ಸ್ವರಗಳ ಸಾಲು ಏಳುತ್ತದೆ. ಅಲುಗಾಟದ ಆಳ ಹೆಚ್ಚಿದಷ್ಟೂ ಈ ಸಾಲು ಉದ್ದವಾಗುತ್ತದೆ. ಎರಡು ಸಂಖ್ಯೆಗಳ ನಡುವೆ ಸರಳವಾದ ಪ್ರಮಾಣವಿದ್ದರೆ ತಂತಿಯ, ಕೊಳವೆಯ ಜಾತಿಯ ನಾದ. ಪ್ರಮಾಣ ವಕ್ರವಾಗಿದ್ದರೆ ಗಂಟೆಯ, ಜಾಗಟೆಯ ಜಾತಿಯ ನಾದ. ಹತ್ತಾರು ಆಂದೋಲಕಗಳು ಮಾಡಬೇಕಾದ ಕೆಲಸವನ್ನು ಎರಡು ಆಂದೋಲಕಗಳು ಮಾಡಿ ಮುಗಿಸಿದವು. ೧೯೭೧ರಲ್ಲಿ ಚೌನಿಂಗ್ ಇನ್ನೊಂದು ಹೆಜ್ಜೆ ಇಟ್ಟರು. ತುತ್ತೂರಿಯನ್ನು ಗಟ್ಟಿಯಾಗಿ ಊದಿದಷ್ಟೂ ಅದರ ಉಪಸ್ವರಗಳು ಹೆಚ್ಚುತ್ತವೆಂದು ಬೆಲ್ ಪ್ರಯೋಗಶಾಲೆಯಲ್ಲಿ ಜಾಂ ಕ್ಲೋದ್ ರಿಸ್ಸೆ ಕಂಡುಕೊಂಡಿದ್ದರು. ಅದನ್ನು ನೆನೆದು, ನಾದದ ಬಲ ಏರಿದಂತೆ ಅಲುಗಾಟದ ಆಳವೂ ಏರುವಂತೆ ಏರ್ಪಡಿಸಿದಾಗ ಯಂತ್ರದಿಂದ ತುತ್ತೂರಿಯೇ ನುಡಿಯಿತು.

ಪ್ರತಿಭೆಗೆ ಕೂಡಲೇ ಮನ್ನಣೆ ಸಿಕ್ಕುವುದು ಅಪರೂಪ. ಆ ವಿಶ್ವವಿದ್ಯಾನಿಲಯ ಈ ಶೋಧದ ಹಕ್ಕನ್ನು ಮಾರಲು ಅಮೆರಿಕದ ಆರ್ಗನ್ ತಯಾರಕರ ಬಾಗಿಲು ತಟ್ಟಿತು; ಹ್ಯಾಮಂಡ್ ಮೊದಲಾದ ಹೆಸರಾಂತ ಸಂಸ್ಥೆಗಳು ಬೇಡವೆಂದವು. ೧೯೭೩ರಲ್ಲಿ ಚೌನಿಂಗ್ ಅವರಿಗೆ ಖಾಯಂ ಅಧ್ಯಾಪಕ ಹುದ್ದೆಯೂ ದೊರೆಯದೆ ಹೋಯಿತು. ಇತ್ತ ಯಮಹಾದ ತರುಣ ಎಂಜಿನಿಯರು ಕಜುಕಿಯೋ ಇಶಿಮುರಾ ಸ್ಟ್ಯಾನ್‌ಫರ್ಡಿಗೆ ಬಂದು, ವಿವರಣೆಯನ್ನು ಕೆಲವೇ ನಿಮಿಷ ಕೇಳಿ, ಇದರ ಬೆಲೆಯೇನೆಂಬುದನ್ನು ಗ್ರಹಿಸಿದರು. ೧೯೭೭ರಲ್ಲಿ ಪೇಟೆಂಟ್ ಮಂಜೂರಾಯಿತು. ಅದರ ಅವಧಿ ಮುಗಿಯುವ ಹೊತ್ತಿಗೆ ವಿಶ್ವವಿದ್ಯಾನಿಲಯಕ್ಕೆ ಬಂದ ಗೌರವಧನ ಎರಡು ಕೋಟಿ ಡಾಲರುಗಳಿಗೂ ಮೇಲೆ. ಚೌನಿಂಗ್ ಅವರನ್ನು ಅದೇ ವಿಶ್ವವಿದ್ಯಾನಿಲಯ ಮರಳಿ ಕರೆದು, ಮುಂದೆ ಪ್ರಾಧ್ಯಾಪಕ ಪದವಿಯನ್ನೂ ಕೊಟ್ಟಿತು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಅಮೆರಿಕದಲ್ಲಿಯೂ ಸಲ್ಲುತ್ತದೆ!

ಹಕ್ಕನ್ನು ಕೊಂಡರೂ ಯಮಹಾಗೆ ಕೆಲಸ ಸುಲಭವಾಗಲಿಲ್ಲ. ದೊಡ್ಡ ಗಣಕದ ಲೆಕ್ಕವನ್ನು ಬೆರಳ ತುದಿಯಷ್ಟು ಚಿಪ್ಪುಗಳಿಗೆ ಇಳಿಸುವುದಕ್ಕೆ ವರ್ಷಗಳೇ ಹಿಡಿದವು. ಕೊನೆಗೆ ೧೯೮೩ರಲ್ಲಿ ಬಂದ 'ಡಿಎಕ್ಸ್ ೭' ಎಂಬ ವಾದ್ಯ ಲೋಕವನ್ನೇ ಗೆದ್ದಿತು. ಆರು ಆಂದೋಲಕಗಳು, ಅವುಗಳನ್ನು ಜೋಡಿಸುವ ೩೨ ವಿನ್ಯಾಸಗಳು, ಒಟ್ಟಿಗೆ ೧೬ ಸ್ವರಗಳು. ಒಂದೂವರೆ ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಅದರ ಮಿಂಚುವ ಪಿಯಾನೋ ನಾದ, ಗಂಟೆಯ ನಾದಗಳು ಆ ದಶಕದ ಹಾಡುಗಳ ಮುದ್ರೆಯೇ ಆದವು.

ಕೂಡಿಡುವವರ ಸರದಿ

ಆದರೆ ಡಿಎಕ್ಸ್ ೭ರ ವಿಜಯದಲ್ಲಿಯೇ ಅದರ ಸೋಲಿನ ಬೀಜವೂ ಇತ್ತು. ಅದರಲ್ಲಿ ಹೊಸ ನಾದವನ್ನು ಕಟ್ಟುವುದು ಕಷ್ಟ. ಒಂದು ಅಂಕಿಯನ್ನು ತುಸು ಬದಲಿಸಿದರೆ ಪಿಯಾನೋ ಹೋಗಿ ತಗಡಿನ ಡಬ್ಬ ಕೇಳಿಸಬಹುದು. ಹಳೆಯ ಸಿಂಥಸೈಜರುಗಳಲ್ಲಿದ್ದ ತಿರುಗಣೆಗಳ ಬದಲು ಕೆಲವು ಗುಂಡಿಗಳು, ಒಂದು ಚಿಕ್ಕ ತೆರೆ. ದುರಸ್ತಿಗೆ ಬಂದ ಡಿಎಕ್ಸ್ ೭ಗಳಲ್ಲಿ ಬಹುಪಾಲಿನಲ್ಲಿ ಕಾರ್ಖಾನೆಯವರು ತುಂಬಿಕೊಟ್ಟ ನಾದಗಳೇ ಹಾಗೆಹಾಗೆಯೇ ಇರುತ್ತಿದ್ದವೆಂಬ ಮಾತು ವಾದ್ಯಲೋಕದಲ್ಲಿ ಪ್ರಚಲಿತವಾಗಿದೆ. ಒಲೆಯನ್ನು ಕೊಂಡವರು ಅಡುಗೆ ಮಾಡಲಿಲ್ಲ. ಒಲೆಯ ಜೊತೆಗೆ ಬಂದ ತಿಂಡಿಯನ್ನೇ ತಿಂದರು.

ಅಷ್ಟರಲ್ಲಿ ಎರಡನೆಯ ದಾರಿಯವರು ಹತ್ತಿರ ಬಂದಿದ್ದರು. ನಾದವನ್ನು ಅಂಕಿಗಳಾಗಿ ಮುದ್ರಿಸಿ ಕೀಲಿಮಣೆಯಿಂದ ನುಡಿಸುವ ಯಂತ್ರವನ್ನು ಆಸ್ಟ್ರೇಲಿಯದ ಸಿಡ್ನಿಯಲ್ಲಿ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ ಎಂಬಿಬ್ಬರು ೧೯೭೯ರಲ್ಲಿಯೇ ಮಾಡಿದ್ದರು. ಫೇರ್‌ಲೈಟ್ ಎಂಬ ಆ ಯಂತ್ರ ಒಂದು ಮನೆಯ ಬೆಲೆ ಬಾಳುತ್ತಿತ್ತು. ಸಾಮಾನ್ಯ ವಾದಕನ ಕೈಗೆ ಎಟುಕುವಂತಿರಲಿಲ್ಲ. ಕಾರಣ ಸ್ಮೃತಿಯ ದುಬಾರಿತನ. ಒಳ್ಳೆಯ ಗುಣಮಟ್ಟದಲ್ಲಿ ಒಂದು ಸೆಕೆಂಡಿನ ನಾದವನ್ನು ಬರೆದಿಡಲು ೪೮,೦೦೦ ಅಂಕಿಗಳು ಬೇಕು. ಅಂದಿನ ದಿನಗಳಲ್ಲಿ ಪ್ರತಿ ಸೆಕೆಂಡಿಗೂ ಹಣ ತೆರಬೇಕಾಗಿತ್ತು.

ಈ ತೊಡಕನ್ನು ಜಪಾನಿನ ರೋಲಂಡ್ ಸಂಸ್ಥೆಯವರು ೧೯೮೭ರ 'ಡಿ ೫೦' ವಾದ್ಯದಲ್ಲಿ ಜಾಣತನದಿಂದ ದಾಟಿದರು. ವಾದ್ಯವನ್ನು ಗುರುತು ಹಿಡಿಯಲು ಕಿವಿಗೆ ಮುಖ್ಯವಾಗಿ ಬೇಕಾಗುವುದು ನಾದದ ಮೊದಲ ತುಣುಕು. ತಂತಿಗೆ ಉಗುರು ತಾಗಿದ ಸದ್ದು, ಕೊಳಲಿಗೆ ಉಸಿರು ಹೊಕ್ಕ ಸದ್ದು, ಪಿಯಾನೋದ ಸುತ್ತಿಗೆ ಬಡಿದ ಸದ್ದು. ಅಷ್ಟನ್ನು ಮಾತ್ರ ಮುದ್ರಿಸಿ ಕೂಡಿಟ್ಟು, ಮುಂದಿನ ಎಳೆತವನ್ನು ಲೆಕ್ಕದಿಂದ ಹುಟ್ಟಿಸಿದರೆ ಸಾಕು, ಕಿವಿ ಮೋಸಹೋಗುತ್ತದೆ. ಮನುಷ್ಯರ ವಿಷಯದಲ್ಲಿಯೂ ಮೊದಲ ನೋಟಕ್ಕೆ ನಾವು ಕೊಡುವ ಬೆಲೆ ಇಂಥದ್ದೇ ಅಲ್ಲವೇ?

ಮರುವರ್ಷ, ೧೯೮೮ರಲ್ಲಿ, ಕೋರ್ಗ್ ಸಂಸ್ಥೆಯ 'ಎಂ ೧' ಬಂದಿತು. ಲೆಕ್ಕದಿಂದ ಹುಟ್ಟಿಸುವ ಗೊಡವೆಯನ್ನೇ ಅದು ಬಿಟ್ಟಿತ್ತು. ಸ್ಮೃತಿ ಅಗ್ಗವಾಗುತ್ತ ಬಂದುದರಿಂದ ಕೂಡಿಟ್ಟ ನಾದಗಳೇ ಅದರ ಬಂಡವಾಳ. ಜೊತೆಗೆ ತಾಳವಾದ್ಯಗಳು, ಗುಂಗನ್ನೂ ಮಾರ್ದನಿಯನ್ನೂ ಕೂಡಿಸುವ ಸಲಕರಣೆ, ನುಡಿಸಿದ್ದನ್ನು ಪದರ ಪದರವಾಗಿ ನೆನಪಿಟ್ಟು ತಾನೇ ಮರುನುಡಿಸುವ ಎಂಟು ಪದರಗಳ ಲೇಖಕ, ಇವೆಲ್ಲ ಒಂದೇ ಪೆಟ್ಟಿಗೆಯಲ್ಲಿ. ಒಬ್ಬನೇ ಕುಳಿತು ಒಂದು ವಾದ್ಯಗೋಷ್ಠಿಯನ್ನೇ ನಡೆಸಬಹುದಾಗಿತ್ತು. ಇಂಥ ವಾದ್ಯಕ್ಕೆ 'ವರ್ಕ್‌ಸ್ಟೇಷನ್' ಎಂಬ ಹೆಸರು ನಿಂತಿತು. ಎಂ ೧ ಸುಮಾರು ಎರಡೂವರೆ ಲಕ್ಷ ಮಾರಾಟವಾಯಿತೆಂದು ಅಂದಾಜು. ಸ್ವಾರಸ್ಯವೇನೆಂದರೆ, ೧೯೮೭ರಲ್ಲಿ ಕೋರ್ಗ್ ಸಂಸ್ಥೆಯ ದೊಡ್ಡ ಪಾಲನ್ನು ಕೊಂಡಿದ್ದ ಸಂಸ್ಥೆ ಯಮಹಾವೇ. ಡಿಎಕ್ಸ್ ೭ರ ಕಾಲವನ್ನು ಮುಗಿಸಿದ ವಾದ್ಯ ಹೊರಬಂದದ್ದು ತನ್ನದೇ ಪಾಲಿದ್ದ ಅಂಗಳದಿಂದ.

ಎರಡರ ಮದುವೆ

ಈಗ ಯಮಹಾದ ಎಂಜಿನಿಯರುಗಳ ಮುಂದೆ ಎರಡು ಆಯ್ಕೆಗಳಿದ್ದವು. ಹದಿನೈದು ವರ್ಷ ಸಾಕಿ ಸಲಹಿದ ಲೆಕ್ಕದ ಮಾರ್ಗವನ್ನು ಬಿಟ್ಟುಕೊಟ್ಟು ಎಲ್ಲರಂತೆ ಕೂಡಿಟ್ಟ ನಾದಗಳನ್ನು ಮಾರುವುದು; ಇಲ್ಲವೇ ಎರಡನ್ನೂ ಕೂಡಿಸುವುದು. ಅವರು ಎರಡನೆಯದನ್ನು ಆರಿಸಿಕೊಂಡರು. ಅದರ ಫಲವೇ ಎಸ್‌ವೈ ೭೭.

ಹೊರನೋಟಕ್ಕೆ ಅದು ೬೧ ಕೀಲಿಗಳ ಕಪ್ಪು ಪೆಟ್ಟಿಗೆ. ಮೇಲುಗಡೆ ಒಂದು ಅಗಲವಾದ ತೆರೆ. ನಾದಗಳನ್ನೂ ನುಡಿಸಿದ್ದನ್ನೂ ಬರೆದಿಡಲು ಮೂರೂವರೆ ಅಂಗುಲದ ಫ್ಲಾಪಿ ತಟ್ಟೆಯ ಬಾಯಿ. ನುಡಿಸಿದ್ದನ್ನು ನೆನಪಿಡುವ ೧೬ ಪದರಗಳ ಲೇಖಕ. ಒಳಗೆ ಎರಡು ಸಂಸಾರಗಳು. ಒಂದೆಡೆ ಚೌನಿಂಗ್ ಅವರ ಲೆಕ್ಕದ ಮಾರ್ಗ, ಆದರೆ ಬಹಳ ಬೆಳೆದ ರೂಪದಲ್ಲಿ. ಆಂದೋಲಕಗಳು ಆರೇ ಆದರೂ ಜೋಡಣೆಯ ವಿನ್ಯಾಸಗಳು ೩೨ರಿಂದ ೪೫ಕ್ಕೆ ಏರಿದ್ದವು. ಆಂದೋಲಕಕ್ಕೆ ಒಂದೇ ಸರಳ ಅಲೆಯ ಬದಲು ೧೬ ಬಗೆಯ ಅಲೆಗಳಿದ್ದವು. ಇನ್ನೊಂದೆಡೆ ನಿಜವಾದ ವಾದ್ಯಗಳಿಂದ ಮುದ್ರಿಸಿ ಕೂಡಿಟ್ಟ ನೂರಕ್ಕೂ ಮಿಕ್ಕಿದ ನಾದಗಳು. ಎರಡು ಸಂಸಾರಗಳಿಗೂ ಹದಿನಾರು ಹದಿನಾರು ದನಿ, ಒಟ್ಟು ಮೂವತ್ತೆರಡು. ಎರಡಕ್ಕೂ ನಾದವನ್ನು ಸೋಸಿ ತಿದ್ದುವ ಅಂಕಿಯ ಜರಡಿಗಳು.

ಕೂಡಿಟ್ಟ ನಾದಗಳ ಸ್ಮೃತಿ ನಾಲ್ಕು ಮೆಗಾಬೈಟು. ಸೆಕೆಂಡಿಗೆ ೪೮,೦೦೦ ಅಂಕಿ, ಒಂದೊಂದು ಅಂಕಿಗೆ ಎರಡು ಬೈಟು ಎಂದು ಲೆಕ್ಕ ಹಾಕಿದರೆ ಇಡೀ ಭಂಡಾರದಲ್ಲಿ ಹಿಡಿಯುವುದು ನಲವತ್ತನಾಲ್ಕು ಸೆಕೆಂಡಿಗೂ ಕಡಮೆ ನಾದ. ಇಂದು ನಮ್ಮ ಅಂಗಿಯ ಜೇಬಿನ ಮೊಬೈಲಿನಲ್ಲಿ ಒಂದು ಹಾಡಿಗೆ ಹಿಡಿಯುವಷ್ಟು ಜಾಗ! ಅಷ್ಟರಲ್ಲಿ ಪಿಯಾನೋ, ಪಿಟೀಲು, ತುತ್ತೂರಿ, ನಗಾರಿಗಳನ್ನೆಲ್ಲ ಅಡಕ ಮಾಡಬೇಕಾಗಿತ್ತು. ಲೆಕ್ಕದ ಮಾರ್ಗದ ನೆರವು ಏಕೆ ಬೇಕಾಯಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎರಡನ್ನು ಪಕ್ಕ ಪಕ್ಕದಲ್ಲಿ ಇರಿಸುವುದೇನೂ ದೊಡ್ಡದಲ್ಲ. ಈ ವಾದ್ಯದ ಹೆಚ್ಚುಗಾರಿಕೆ ಬೇರೆಯೇ ಇದೆ. ಇದರಲ್ಲಿ ಕೂಡಿಟ್ಟ ನಾದವೇ ಲೆಕ್ಕದ ಮಾರ್ಗದೊಳಗೆ ಹೊಕ್ಕು, ಅಲ್ಲಿನ ಆಂದೋಲಕವನ್ನು ಅಲುಗಿಸಬಲ್ಲದು. ಚೌನಿಂಗ್ ಒಂದು ಸರಳ ಅಲೆಯಿಂದ ಇನ್ನೊಂದನ್ನು ಅಲುಗಿಸಿದ್ದರು. ಇಲ್ಲಿ ಒಂದು ನಿಜವಾದ ಕೊಳಲಿನ ಉಸಿರು ಇಲ್ಲವೇ ತಂತಿಯ ಮಿಡಿತ ಆ ಕೆಲಸವನ್ನು ಮಾಡುತ್ತದೆ. ಆಗ ಹುಟ್ಟುವ ನಾದ ಕೊಳಲೂ ಅಲ್ಲ, ಗಂಟೆಯೂ ಅಲ್ಲ. ಆದರೆ ಎಲ್ಲಿಯೋ ಒಂದು ಜೀವ ಉಸಿರಾಡುತ್ತಿದೆಯೆಂಬ ಭಾವನೆಯನ್ನು ಹುಟ್ಟಿಸುತ್ತದೆ. ಉಪ್ಪಿನಕಾಯಿಯನ್ನು ಎಲೆಯ ಮೂಲೆಯಲ್ಲಿ ಬಡಿಸುವುದು ಬೇರೆ, ಅದರ ರಸವನ್ನು ಒಲೆಯ ಮೇಲಿನ ಪಾತ್ರೆಗೆ ಹಾಕಿ ಹೊಸ ಅಡುಗೆ ಮಾಡುವುದು ಬೇರೆ.

ಎರಡು ವರ್ಷಗಳ ಮೇಲೆ, ೧೯೯೧ರಲ್ಲಿ, ಇದರ ಅಣ್ಣನಂತಿದ್ದ 'ಎಸ್‌ವೈ ೯೯' ಬಂದಿತು. ೭೬ ಕೀಲಿಗಳು, ಇಮ್ಮಡಿ ಭಂಡಾರ. ಹೊರಗಿನಿಂದ ತಂದ ನಾದಗಳನ್ನು ತುಂಬಿಕೊಳ್ಳುವ ಅನುಕೂಲ.

ಬೆರಳಿನ ಮಾತು

ಇಷ್ಟು ಸಂಪತ್ತಿದ್ದ ವಾದ್ಯ ಎಂ ೧ರಷ್ಟು ಮನೆಮನೆಗೆ ಏಕೆ ಹೋಗಲಿಲ್ಲ? ಸಂಪತ್ತೇ ಅದರ ಭಾರವಾಯಿತು. ಆರು ಆಂದೋಲಕಗಳು, ಒಂದೊಂದಕ್ಕೂ ಏಳುಬೀಳುಗಳ ದೀರ್ಘ ಪಟ್ಟಿ, ೪೫ ಜೋಡಣೆಗಳು, ಇದರ ಜೊತೆಗೆ ಕೂಡಿಟ್ಟ ನಾದಗಳ ಹೊಂದಾಣಿಕೆ. ಎಲ್ಲವನ್ನೂ ಒಂದು ತೆರೆಯ ಮೇಲೆ ಪುಟ ತಿರುವಿ ತಿರುವಿ ತಿದ್ದಬೇಕು. ಎರಡೆರಡು ಪದರಗಳ ನಾದವನ್ನು ಎರಡು ಸಂಸಾರಗಳಿಂದಲೂ ತೆಗೆದರೆ ದನಿಗಳ ಸಂಖ್ಯೆ ಎಂಟಕ್ಕೆ ಇಳಿಯುತ್ತಿತ್ತು. ಸಂಜೆ ಕಛೇರಿಯಿರುವ ವಾದಕನಿಗೆ ಬೆಳಗಿನಿಂದ ಕುಳಿತು ಒಂದು ನಾದವನ್ನು ಕಟ್ಟುವ ಬಿಡುವೆಲ್ಲಿ? ಗುಂಡಿ ಒತ್ತಿದೊಡನೆ ಪಿಯಾನೋ ಪಿಯಾನೋದಂತೆ ಕೇಳಿಸಿದರೆ ಅವನಿಗೆ ಸಾಕು. ಅವನನ್ನು ಸೋಮಾರಿಯೆಂದು ಜರೆಯುವುದು ನ್ಯಾಯವಲ್ಲ. ಹೊಟ್ಟೆಪಾಡಿಗೆ ನುಡಿಸುವವನಿಗೆ ಸಮಯವೇ ಹಣ.

ಸ್ಮೃತಿ ಅಗ್ಗವಾದಷ್ಟೂ ತಕ್ಕಡಿ ಕೂಡಿಡುವವರ ಕಡೆಗೇ ವಾಲಿತು. ೧೯೯೨ರಲ್ಲಿ ಯಮಹಾ ತನ್ನ 'ಎಸ್‌ವೈ ೮೫' ವಾದ್ಯದಲ್ಲಿ ಲೆಕ್ಕದ ಮಾರ್ಗವನ್ನೇ ಕೈಬಿಟ್ಟಿತು. ೧೯೯೮ರಲ್ಲಿ ಇನ್ನೊಂದು ಸಾಹಸ ಮಾಡಿತು. 'ಇಎಕ್ಸ್ ೫' ಎಂಬ ವಾದ್ಯದಲ್ಲಿ ಕೂಡಿಟ್ಟ ನಾದಗಳ ಜೊತೆಗೆ, ಹಳೆಯ ವಿದ್ಯುತ್ ಸಿಂಥಸೈಜರುಗಳನ್ನು ಲೆಕ್ಕದಲ್ಲಿ ಅನುಕರಿಸುವ ಮಾರ್ಗವನ್ನೂ, ಕೊಳವೆಯೊಳಗಿನ ಗಾಳಿಯ ಓಡಾಟವನ್ನೇ ಲೆಕ್ಕ ಕಟ್ಟುವ ಮಾರ್ಗವನ್ನೂ ಕೂಡಿಸಿತು. ಈ ಕೊನೆಯದರ ಮೂಲವೂ ಸ್ಟ್ಯಾನ್‌ಫರ್ಡೇ. ಜೂಲಿಯಸ್ ಸ್ಮಿತ್ ಎಂಬವರ ಸಂಶೋಧನೆ. ಆದರೆ ಯಂತ್ರದ ಗಣಕಶಕ್ತಿ ಸಾಲಲಿಲ್ಲ. ಕೂಡಿಟ್ಟ ನಾದಗಳು ಏಕಕಾಲದಲ್ಲಿ ೧೨೬ ನುಡಿಯಬಹುದಾಗಿದ್ದರೆ, ಹಳೆಯ ಸಿಂಥಸೈಜರಿನ ಅನುಕರಣೆಗೆ ಎರಡೇ ದನಿ, ಲೆಕ್ಕದ ಕೊಳಲಿಗೆ ಒಂದೇ ದನಿ! ಹುಟ್ಟಿಸುವುದಕ್ಕೂ ಕೂಡಿಡುವುದಕ್ಕೂ ತಗಲುವ ಶ್ರಮದ ಅಂತರ ಎಷ್ಟೆಂಬುದನ್ನು ಈ ಮೂರು ಅಂಕಿಗಳು ಹೇಳುವಷ್ಟು ಚೆನ್ನಾಗಿ ಬೇರೆ ಯಾವುದೂ ಹೇಳಲಾರದು. ೨೦೦೧ರ 'ಮೋಟಿಫ್' ಮತ್ತೆ ಕೂಡಿಟ್ಟ ನಾದಗಳ ವಾದ್ಯವೇ ಆಯಿತು.

ಹಾಗಾದರೆ ಕೂಡಿಡುವವರು ಗೆದ್ದರು, ಕಥೆ ಮುಗಿಯಿತು ಎನ್ನಬಹುದೇ? ಅವಸರ ಬೇಡ. ಕೂಡಿಟ್ಟ ನಾದಕ್ಕೆ ಒಂದು ಕೊರತೆಯುಂಟು. ಅದು ಒಮ್ಮೆ, ಒಬ್ಬರು, ಒಂದು ಬಗೆಯಲ್ಲಿ ನುಡಿಸಿದ ನಾದ. ಕೀಲಿಯನ್ನು ಮೆಲ್ಲನೆ ಒತ್ತಿದರೆ ಅದೇ ನಾದ ಸಣ್ಣದಾಗಿ ಕೇಳಿಸುತ್ತದೆ, ಬಲವಾಗಿ ಒತ್ತಿದರೆ ದೊಡ್ಡದಾಗಿ. ನಿಜವಾದ ವಾದ್ಯದಲ್ಲಿ ಹೀಗಿಲ್ಲ. ವೀಣೆಯ ತಂತಿಯನ್ನು ಮೆಲ್ಲನೆ ಮೀಟಿದರೆ ಬರುವ ಬಣ್ಣವೇ ಬೇರೆ, ಒತ್ತಿ ಮೀಟಿದರೆ ಬರುವ ಬಣ್ಣವೇ ಬೇರೆ. ಹತ್ತಾರು ಬಗೆಯ ಮೀಟುಗಳನ್ನು ಬೇರೆ ಬೇರೆಯಾಗಿ ಮುದ್ರಿಸಿಟ್ಟು ಈ ಕೊರತೆಯನ್ನು ಮರೆಸಬಹುದು, ನಿಜ. ಆದರೂ ಅದು ಮೆಟ್ಟಲು ಮೆಟ್ಟಲಾದ ಬದಲಾವಣೆಯೇ ಹೊರತು ಇಳಿಜಾರಿನಂತೆ ಅಖಂಡವಾದುದಲ್ಲ. ಚೌನಿಂಗ್ ಅವರ ಮಾರ್ಗದಲ್ಲಿ ಬೆರಳಿನ ಒತ್ತಡ ನೇರವಾಗಿ ಅಲುಗಾಟದ ಆಳವನ್ನು ಮುಟ್ಟುತ್ತದೆ. ಒತ್ತಿದಷ್ಟೂ ನಾದದ ಬಣ್ಣ ಬದಲಾಗುತ್ತದೆ. ಅಲ್ಲಿ ಬೆರಳಿಗೆ ಮಾತು ಉಳಿದಿದೆ.

ನಮ್ಮಲ್ಲಿಯೂ ಇದೇ ಪ್ರಶ್ನೆ ಸಣ್ಣ ರೂಪದಲ್ಲಿ ಎದ್ದಿತ್ತು. ೧೯೭೦ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿದಾಗ ನಾದವನ್ನು ವಿದ್ಯುನ್ಮಂಡಲಗಳೇ ಹುಟ್ಟಿಸಬೇಕಾಗಿತ್ತು. ಇಂದು ಮೊಬೈಲಿನಲ್ಲಿ ಕೇಳುವ ತಂಬೂರಿ ಎಷ್ಟೋ ವೇಳೆ ನಿಜವಾದ ತಂಬೂರಿಯಿಂದ ಮುದ್ರಿಸಿಕೊಂಡ ನಾದ. ತಂಬೂರಿ ಹಿನ್ನೆಲೆಯಲ್ಲಿ ನಿಂತ ನಾದವಾದುದರಿಂದ ಕೂಡಿಟ್ಟರೂ ಹಾಡುಗಾರನಿಗೆ ನಷ್ಟ ಕಡಮೆ. ಆದರೆ ಮುಂದೆ ನಿಂತು ನುಡಿಯಬೇಕಾದ ವಾದ್ಯಕ್ಕೆ ಈ ಸಮಾಧಾನ ಸಾಲದು.

ಯಮಹಾದವರಿಗೂ ಇದು ಸಾಲದೆಂದು ತೋರಿರಬೇಕು. ೨೦೧೬ರಲ್ಲಿ ಅವರು 'ಮೊಂಟಾಜ್' ಎಂಬ ದೊಡ್ಡ ವಾದ್ಯವನ್ನು ಹೊರತಂದಾಗ ಕೂಡಿಟ್ಟ ನಾದಗಳ ಪಕ್ಕದಲ್ಲಿ ಲೆಕ್ಕದ ಮಾರ್ಗ ಮತ್ತೆ ಬಂದು ಕುಳಿತಿತ್ತು. ಈ ಸಲ ಎಂಟು ಆಂದೋಲಕಗಳು, ೧೨೮ ದನಿಗಳು. ೨೦೨೩ರ 'ಮೊಂಟಾಜ್ ಎಂ'ನಲ್ಲಿ ಹಳೆಯ ವಿದ್ಯುತ್ ಸಿಂಥಸೈಜರಿನ ಮಾರ್ಗವೂ ಸೇರಿ ಮೂರಾದವು. ಎಸ್‌ವೈ ೭೭ ಕಾಲು ಶತಮಾನ ಮುಂಚೆ ಕಂಡ ಕನಸು, ಲೆಕ್ಕ ಮಾಡುವ ಚಿಪ್ಪುಗಳು ಅಗ್ಗವಾದ ಮೇಲೆ ನನಸಾಯಿತು. ಈ ನಡುವೆ ಹಳೆಯ ಎಸ್‌ವೈ ೭೭ಗಳನ್ನು ಹುಡುಕಿ ತಂದು, ಮಬ್ಬಾದ ತೆರೆಯನ್ನು ಬದಲಿಸಿ, ಅದರ ನಲವತ್ತೈದು ಜೋಡಣೆಗಳ ಕಾಡಿನಲ್ಲಿ ಹೊಸ ನಾದಗಳನ್ನು ಅರಸುವವರು ಹಲವು ದೇಶಗಳಲ್ಲಿದ್ದಾರೆ.

ಕೂಡಿಟ್ಟದ್ದು ಅನುಕೂಲ, ಅದನ್ನು ಬೇಡವೆನ್ನುವವರಿಲ್ಲ. ಭರಣಿ ಬರಿದಾದ ಮನೆ ಮನೆಯಲ್ಲ. ಆದರೆ ಒಲೆ ಹೊತ್ತಿಸುವುದನ್ನೇ ಮರೆತ ಮನೆಯಲ್ಲಿ ಒಂದು ದಿನ ಭರಣಿಯನ್ನು ತುಂಬುವವರೂ ಇಲ್ಲದಂತಾಗುತ್ತದೆ. ಬಿಚ್ಚಿ ನೋಡಿ, ಕಲಿತು, ಶ್ರುತಿ ತಪ್ಪಿದಾಗ ಮತ್ತೆ ಕುಳಿತು ತಿದ್ದಿದವರಿಂದಲೇ ವಾದ್ಯಗಳು ಬೆಳೆದಿವೆ. ಹಕೋನೆಯ ಬೆಟ್ಟವನ್ನು ಹೆಗಲ ಹೊರೆಯೊಡನೆ ದಾಟಿದವನ ವಿಷಯದಲ್ಲಿ ಇದು ಹೇಗೆ ನಿಜವೋ, ಒಂದು ಗಮಕವನ್ನು ಅದರ ಎಲ್ಲೆಯ ಆಚೆಗೆ ತಳ್ಳಿ ನೋಡಿದವನ ವಿಷಯದಲ್ಲಿಯೂ ಅಷ್ಟೇ ನಿಜ.